ನಲವತ್ತು ದಾಟಿದ ದಸ್ತಾವೇಜು ಬರಹಗಾರ್ತಿ ಕಾನೂನು ಪ್ರವೇಶ ಪರೀಕ್ಷೆಗೆ ಹೇಗೆ ಓದಬೇಕು?

ಪ್ರಶ್ನೆ — ಗದಗದ ದಸ್ತಾವೇಜು ಬರಹಗಾರ್ತಿ

ಎಲ್ಲರಿಗೂ ನಮಸ್ಕಾರ. ನನಗೆ ಈಗ 42 ವರ್ಷ. ಗದಗದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಮೊದಲು ತಂದೆಯವರ ಕೈಕೆಳಗೆ, ಅವರ ನಂತರ ನನ್ನದೇ ಪರವಾನಗಿಯ ಮೇಲೆ ದಸ್ತಾವೇಜು ಬರೆಯುತ್ತ ಬಂದಿದ್ದೇನೆ. ಖರೀದಿಪತ್ರ, ವಾಟ್ನಿಪತ್ರ, ಬಕ್ಷೀಸುಪತ್ರ, ಮೃತ್ಯುಪತ್ರ ಇವೇ ನನ್ನ ದಿನನಿತ್ಯದ ಕೆಲಸ. 2005ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಿ.ಎ. ಮುಗಿಸಿದ್ದು, ಶೇ 54ರಷ್ಟು ಅಂಕಗಳಿವೆ. ಒಂದನೆಯ ಇಯತ್ತೆಯಿಂದ ಪದವಿಯವರೆಗೆ ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ.

ಈ ವಯಸ್ಸಿನಲ್ಲಿ ಕಾನೂನು ಓದುವ ಆಸೆ ಏಕೆ ಎಂದು ಮನೆಯವರೂ ಕೇಳಿದ್ದಾರೆ. ನನ್ನ ಮೇಜಿನ ಮುಂದೆ ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರಿಗೆ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಮಗೂ ಅಣ್ಣತಮ್ಮಂದಿರಷ್ಟೇ ಪಾಲು ಬಂದಿದೆ ಎಂಬುದು ಗೊತ್ತಿರುವುದಿಲ್ಲ; ತಂದೆ ಆಗ ಬದುಕಿರಲಿ ಇಲ್ಲದಿರಲಿ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದ್ದಂತೂ ತಿಳಿದೇ ಇರುವುದಿಲ್ಲ. ತಿಳಿಸಿ ಹೇಳಿದರೆ, 'ನೀವು ವಕೀಲರಲ್ಲ, ಪತ್ರ ಬರೆದುಕೊಡಿ ಸಾಕು' ಎಂದು ಜೊತೆಗೆ ಬಂದವರು ಹೇಳುತ್ತಾರೆ. ವಕೀಲಳಾಗಿಯೇ ಅವರ ಮುಂದೆ ಕೂರಬೇಕು ಎಂಬ ಗಟ್ಟಿ ಮನಸ್ಸು ನನ್ನದು. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ನೋಂದಣಿಯ ಬಹುಪಾಲು ಕೆಲಸ ಆನ್‌ಲೈನ್ ಆಗಿದ್ದು, ನಮ್ಮ ವೃತ್ತಿಯ ಸ್ವರೂಪ ಹೇಗೂ ಬದಲಾಗುತ್ತಿದೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಪದವೀಧರರಿಗೆ ಮೂರು ವರ್ಷದ ಎಲ್ಎಲ್‌ಬಿ ಇದೆ, ಅದಕ್ಕೆ ಎನ್ಎಲ್ಎಸ್ಎಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು ಎಂದು ತಿಳಿಯಿತು. ನನ್ನ ವಯಸ್ಸಿಗೆ ಮತ್ತು ಅಂಕಗಳಿಗೆ ಅದು ಸಾಧ್ಯವೇ? ನಸುಕಿನಲ್ಲಿ ಒಂದೂವರೆ ಗಂಟೆ ಮತ್ತು ರಾತ್ರಿ ಒಂದು ಗಂಟೆ ಮಾತ್ರ ಸಿಗುವವರು ಹೇಗೆ ತಯಾರಾಗಬೇಕು? ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಬಹಳ ನಿಧಾನ.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತಿದೆ. ಅಭ್ಯಾಸದ ಪುಸ್ತಕವೊಂದರಲ್ಲಿ ಹೀಗೊಂದು ತತ್ತ್ವ ಕೊಟ್ಟಿದ್ದರು: 'ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಜಮೀನಿಗೆ ಕಾಲಿಡುವವನು ಅತಿಕ್ರಮಣ ಮಾಡಿದವನಾಗುತ್ತಾನೆ, ಅವನ ಉದ್ದೇಶವಾಗಲಿ, ಹಿಂದಿನ ರೂಢಿಯಾಗಲಿ ಲೆಕ್ಕಕ್ಕೆ ಬರುವುದಿಲ್ಲ.' ಸಂದರ್ಭ ಹೀಗಿತ್ತು: ಒಬ್ಬ ರೈತನ ಮನೆತನದವರು ಮೂವತ್ತು ವರ್ಷಗಳಿಂದ ಪಕ್ಕದ ಹೊಲದೊಳಗಿನಿಂದ ಎಲ್ಲರ ಕಣ್ಣೆದುರೇ ಚಕ್ಕಡಿ ಹೊಡೆದುಕೊಂಡು ಹೋಗುತ್ತಿದ್ದಾರೆ, ಹೊಲದವನು ಒಂದು ದಿನ ಬೇಲಿ ಹಾಕುತ್ತಾನೆ, ರೈತ ಬೇಲಿ ಸರಿಸಿ ಹಾದುಹೋಗುತ್ತಾನೆ. ಇದು ಅತಿಕ್ರಮಣವೇ? ಪುಸ್ತಕದ ಉತ್ತರ 'ಹೌದು' ಎಂದಿದೆ. ಆದರೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ 15ನೆಯ ಕಲಮಿನ ಪ್ರಕಾರ ಇಪ್ಪತ್ತು ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ಬಳಸಿದ ಹಾದಿಯ ಮೇಲೆ ಹಕ್ಕು ಬರುತ್ತದೆ. ಹೀಗಿರುವಾಗ ಆ ಉತ್ತರವನ್ನು ನಾನು ಹೇಗೆ ಒಪ್ಪಲಿ?

ಉತ್ತರ — ಧಾರವಾಡ ಪೀಠದಲ್ಲಿ ವಕೀಲಿ ಮಾಡುವವರು

ಸಹೋದರಿಯವರಿಗೆ ನಮಸ್ಕಾರ. ಮೊದಲು ಅರ್ಹತೆಯ ಮಾತನ್ನು ಮುಗಿಸಿಬಿಡೋಣ, ಏಕೆಂದರೆ ಈ ಅನುಮಾನ ತಲೆಯಲ್ಲಿ ಉಳಿದರೆ ಪುಸ್ತಕ ಹಿಡಿಯಲು ಮನಸ್ಸೇ ಬರುವುದಿಲ್ಲ.

ಮೂರು ವರ್ಷದ ಎಲ್ಎಲ್‌ಬಿಗೆ ಸಾಮಾನ್ಯ ವರ್ಗದವರಿಗೆ ಮೂವತ್ತು ವರ್ಷದ ವಯೋಮಿತಿಯನ್ನು ಭಾರತೀಯ ವಕೀಲರ ಪರಿಷತ್ತು 2016ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ ಮತ್ತೆ ಜಾರಿಗೆ ತಂದಿತ್ತು. ಅದಕ್ಕೆ 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಅಂದಿನಿಂದ ನಲವತ್ತು, ಐವತ್ತು ದಾಟಿದವರೂ ನಮ್ಮ ಕಾಲೇಜುಗಳಲ್ಲಿ ಪ್ರವೇಶ ಪಡೆಯುತ್ತಿದ್ದಾರೆ. ಅಂಕಗಳ ವಿಷಯಕ್ಕೆ ಬಂದರೆ, ಪರಿಷತ್ತಿನ ನಿಯಮದಂತೆ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ 45 ಇದ್ದರೆ ಸಾಕು. ನಿಮ್ಮದು ಅದಕ್ಕಿಂತ ಸಾಕಷ್ಟು ಮೇಲಿದೆ. ನೀವು ಹತ್ತನೆಯ ತರಗತಿ, ಪಿಯುಸಿ, ಆಮೇಲೆ ಪದವಿ ಎಂದು ಕ್ರಮವಾಗಿ ಓದಿದವರಾದ್ದರಿಂದ, ಪಿಯುಸಿ ಇಲ್ಲದೆ ಮುಕ್ತ ವಿಶ್ವವಿದ್ಯಾಲಯದಲ್ಲಿ ನೇರವಾಗಿ ಪದವಿ ಪಡೆದವರಿಗೆ ಎದುರಾಗುವ ತೊಡಕು ನಿಮಗಿಲ್ಲ.

ನೀವು ಪರೀಕ್ಷೆಯ ಬಗ್ಗೆ ಮಾತ್ರ ಕೇಳಿದ್ದೀರಿ, ಆದರೂ ಹೇಳದೆ ಇರಲಾರೆ. ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಮೂರು ವರ್ಷದ ಎಲ್ಎಲ್‌ಬಿಗೆ ಪ್ರವೇಶ ಪರೀಕ್ಷೆಯಿಲ್ಲ. ಪದವಿಯ ಅಂಕ ಮತ್ತು ಮೀಸಲಾತಿಯ ಆಧಾರದ ಮೇಲೆ ಸೀಟು ಸಿಗುತ್ತದೆ. ಹುಬ್ಬಳ್ಳಿ, ಧಾರವಾಡ, ರಾಣೆಬೆನ್ನೂರಿನಲ್ಲಿ ಮಾತ್ರವಲ್ಲ, ನಿಮ್ಮ ಗದಗದಲ್ಲಿಯೇ ಕಾನೂನು ಕಾಲೇಜು ಇದೆ, ಅಲ್ಲಿ ಉತ್ತರಗಳನ್ನು ಕನ್ನಡದಲ್ಲಿ ಬರೆಯುವ ಅವಕಾಶವೂ ಇದೆ. ನ್ಯಾಷನಲ್ ಲಾ ಸ್ಕೂಲ್‌ನ ಮೂರು ವರ್ಷದ ಪದವಿ 2022ರಲ್ಲಿ ಆರಂಭವಾದದ್ದು. ಪೂರ್ಣಾವಧಿಯ ಓದು, ಬೆಂಗಳೂರಿನಲ್ಲೇ ಇರಬೇಕು, ಶುಲ್ಕ ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿದೆ. ಆರ್ಥಿಕ ನೆರವಿಗೆ ಅರ್ಜಿ ಹಾಕಬಹುದು ಎಂಬುದು ನಿಜವಾದರೂ, ಪರೀಕ್ಷೆಗೆ ಕೂರುವ ಮೊದಲೇ ಮನೆಯಲ್ಲಿ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಎಲ್ಲಿಯೇ ಓದಿದರೂ ಶೇ 70ರಷ್ಟು ಹಾಜರಾತಿ ಕಡ್ಡಾಯ. ಅಂಚೆಯ ಮೂಲಕ ಮಾಡಿದ ಎಲ್ಎಲ್‌ಬಿಗೆ ಸನ್ನದು, ಅಂದರೆ ವಕೀಲಿ ಮಾಡುವ ಅನುಮತಿ, ಸಿಗುವುದಿಲ್ಲ. ಹಾಗೆ ಮಾಡಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿಕೊಂಡು ಬಂದರೆ ದಯವಿಟ್ಟು ದೂರವಿರಿ.

ನನ್ನ ಅಭಿಪ್ರಾಯ ಇಷ್ಟು: ಎನ್ಎಲ್ಎಸ್ಎಟಿಯನ್ನು ಖಂಡಿತ ಬರೆಯಿರಿ, ಅದೇ ವರ್ಷ ಇಲ್ಲಿನ ಕಾಲೇಜಿಗೂ ಅರ್ಜಿ ಹಾಕಿರಿ. ಪ್ರವೇಶ ಪರೀಕ್ಷೆಗೆಂದು ಮಾಡಿದ ಓದು ಇಲ್ಲಿನ ಮೊದಲ ಸೆಮಿಸ್ಟರ್‌ನಲ್ಲಿಯೇ ಉಪಯೋಗಕ್ಕೆ ಬರುತ್ತದೆ.

ಉತ್ತರ — ರಾಣೆಬೆನ್ನೂರಿನವನು, ಈಗ ನಾಗರಭಾವಿಯಲ್ಲಿ ಓದುತ್ತಿರುವವನು

ಅಕ್ಕನವರೇ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ದುಡಿದು ಆಮೇಲೆ ಈ ಪರೀಕ್ಷೆಯ ಮೂಲಕ ಇಲ್ಲಿಗೆ, ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ಗೆ, ಬಂದವನು ನಾನು. ನಿಮ್ಮ ಚಕ್ಕಡಿ ಹಾದಿಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಕೆಲಸದ ಅನುಭವ ಇಟ್ಟುಕೊಂಡು ಪರೀಕ್ಷೆಗೆ ಬರುವವರಿಗೆ ನಿಜವಾದ ಕಷ್ಟ ಇರುವುದೇ ಇಲ್ಲಿ.

ನೀವು ಹೇಳಿದ 15ನೆಯ ಕಲಮು ಸರಿಯಾಗಿದೆ. ನಿಜವಾದ ದಾವೆಯಲ್ಲಿ ಆ ರೈತನ ಪರ ವಕೀಲರು ಎತ್ತುವ ಮೊದಲ ಅಂಶವೇ ಅದು. ಆದರೆ ಪರೀಕ್ಷೆ ಕೇಳುತ್ತಿರುವುದು ಕಾನೂನು ಏನು ಎಂಬುದನ್ನಲ್ಲ. ಕೊಟ್ಟ ತತ್ತ್ವವನ್ನು ಕೊಟ್ಟ ಸಂಗತಿಗೆ ಅಭ್ಯರ್ಥಿ ನಿಷ್ಠೆಯಿಂದ ಅನ್ವಯಿಸಬಲ್ಲರೇ ಎಂಬುದನ್ನು. ತತ್ತ್ವದಲ್ಲಿ ಎರಡು ಕಡೆ ಬಾಗಿಲು ಮುಚ್ಚಿದ್ದಾರೆ, ನೋಡಿ: ಒಪ್ಪಿಗೆ 'ಲಿಖಿತ'ವಾಗಿರಬೇಕು ಎಂದಿದ್ದಾರೆ, ರೂಢಿ 'ಲೆಕ್ಕಕ್ಕೆ ಬರುವುದಿಲ್ಲ' ಎಂದೂ ಹೇಳಿದ್ದಾರೆ. ಮೂವತ್ತು ವರ್ಷ, ಎಲ್ಲರ ಕಣ್ಣೆದುರು ಎಂಬ ವಿವರಗಳನ್ನು ಪ್ರಶ್ನೆ ಬರೆದವರು ಬೇಕೆಂದೇ ಇಟ್ಟಿರುತ್ತಾರೆ. ವಿಷಯ ಗೊತ್ತಿಲ್ಲದ ಇಪ್ಪತ್ತೆರಡರ ಹುಡುಗನಿಗೆ ಆ ವಿವರಗಳು ಸುಮ್ಮನೆ ಕಥೆಯಂತೆ ಕಾಣುತ್ತವೆ. ನಿಮಗೆ ಅವು ಕಾಯ್ದೆಯಂತೆ ಕಾಣುತ್ತವೆ. ಆದ್ದರಿಂದ ಅಭ್ಯಾಸ ಮಾಡುವಾಗ, ಉತ್ತರ ಆರಿಸಿದ ಮೇಲೆ, ಆ ಉತ್ತರಕ್ಕೆ ಆಧಾರವಾದ ಪದ ತತ್ತ್ವದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಬೆರಳಿಡಲು ಜಾಗ ಸಿಗದಿದ್ದರೆ ಆ ಉತ್ತರ ನಿಮ್ಮ ಕಚೇರಿಯಿಂದ ಬಂದಿದೆ, ಪ್ರಶ್ನೆಪತ್ರಿಕೆಯಿಂದಲ್ಲ.

ಪರೀಕ್ಷೆಯ ಸ್ವರೂಪ ಹೀಗಿದೆ. ಒಟ್ಟು 150 ಅಂಕ, 150 ನಿಮಿಷ. 'ಎ' ಭಾಗದಲ್ಲಿ 75 ಬಹು ಆಯ್ಕೆಯ ಪ್ರಶ್ನೆಗಳು: ಇಂಗ್ಲಿಷ್ ಗ್ರಹಿಕೆ, ಪ್ರಚಲಿತ ವಿದ್ಯಮಾನ, ತಾರ್ಕಿಕ ವಿವೇಚನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಾಗುತ್ತದೆ. 'ಬಿ' ಭಾಗದ 75 ಅಂಕಗಳು ಕಾನೂನು ವಿವೇಚನೆಗೆ. ಅಲ್ಲಿ ಕಿರು ಉತ್ತರಗಳನ್ನು ಮತ್ತು ಒಂದು ಪ್ರಬಂಧವನ್ನು ಕೈಯಿಂದ ಬರೆಯಬೇಕು. 'ಎ' ಭಾಗದಲ್ಲಿ ಮುಂದೆ ಬಂದವರ 'ಬಿ' ಭಾಗವನ್ನಷ್ಟೇ ಮೌಲ್ಯಮಾಪನಕ್ಕೆ ತೆಗೆದುಕೊಳ್ಳುತ್ತಾರೆ. ಈಚಿನ ವರ್ಷಗಳಲ್ಲಿ ಪರೀಕ್ಷೆ ಏಪ್ರಿಲ್ ಕೊನೆಯ ಭಾನುವಾರ ನಡೆದಿದೆ.

ಈ ರಚನೆಯನ್ನು ನಿಮ್ಮ ಪರಿಸ್ಥಿತಿಗೆ ಹೊಂದಿಸಿ ನೋಡಿ. ದಿನವಿಡೀ ಪತ್ರ ಬರೆಯುವ ನಿಮಗೆ ಸಂಗತಿಗಳನ್ನು ಕ್ರಮವಾಗಿ ಜೋಡಿಸುವುದು, ಯಾರು ಯಾರಿಗೆ ಏನು ಕೊಟ್ಟರು, ಯಾವ ಷರತ್ತಿಗೆ ಒಳಪಟ್ಟು ಕೊಟ್ಟರು ಎಂದು ತಪ್ಪಿಲ್ಲದೆ ಬರೆಯುವುದು ರೂಢಿಯಾಗಿದೆ. 'ಬಿ' ಭಾಗದಲ್ಲಿ ಇದು ದೊಡ್ಡ ಬಲ. ಆದರೆ 'ಎ' ಭಾಗದಲ್ಲಿ ವೇಗ ಸಾಲದೆ ಹಿಂದೆ ಬಿದ್ದರೆ ಆ ಬಲವನ್ನು ತೋರಿಸುವ ಅವಕಾಶವೇ ಬರುವುದಿಲ್ಲ. 75 ಪ್ರಶ್ನೆಗಳಿಗೆ 70 ನಿಮಿಷ ಇಟ್ಟುಕೊಂಡರೂ ಓದುವ ಸಮಯ ಸೇರಿ ಪ್ರಶ್ನೆಗೆ ಒಂದು ನಿಮಿಷಕ್ಕಿಂತ ಕಡಿಮೆ ಸಿಗುತ್ತದೆ. ಹೀಗಾಗಿ ನಸುಕಿನ ಒಂದೂವರೆ ಗಂಟೆಯನ್ನು ಪೂರ್ತಿಯಾಗಿ ಇಂಗ್ಲಿಷ್ ಓದಿಗೆ ಮತ್ತು ತಾರ್ಕಿಕ ವಿವೇಚನೆಗೆ ಕೊಡಿ. ಐದು ವರ್ಷದ ಕೋರ್ಸಿನ ಕ್ಲ್ಯಾಟ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು ಇದಕ್ಕೆ ಬಹಳ ಅನುಕೂಲ. ಅಲ್ಲಿಯೂ ಸುಮಾರು 450 ಪದಗಳವರೆಗಿನ ಉದ್ಧರಣೆ ಓದಿಯೇ ಉತ್ತರಿಸಬೇಕು.

ತಾರ್ಕಿಕ ವಿವೇಚನೆಯಲ್ಲಿ ಅಡಗಿದ ಊಹೆಯನ್ನು ಹುಡುಕುವ ಪ್ರಶ್ನೆಗಳಿರುತ್ತವೆ. ನಮ್ಮ ಕಡೆಯದೇ ಒಂದು ಕಲ್ಪಿತ ವಾದವನ್ನು ತೆಗೆದುಕೊಳ್ಳಿ: 'ಧಾರವಾಡದಲ್ಲಿ ಹೈಕೋರ್ಟಿನ ಪೀಠ ಬಂದ ಮೇಲೆ ಈ ಜಿಲ್ಲೆಗಳಿಂದ ಮೇಲ್ಮನವಿಗಳು ಹೆಚ್ಚಾದವು, ಆದ್ದರಿಂದ ಪೀಠ ಬಂದು ಜನರಲ್ಲಿ ವ್ಯಾಜ್ಯದ ಪ್ರವೃತ್ತಿ ಬೆಳೆಯಿತು.' ಪೀಠ 2008ರಲ್ಲಿ ಸಂಚಾರಿಯಾಗಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು ಎಂಬ ಮಾಹಿತಿ ಇಲ್ಲಿ ಕೆಲಸಕ್ಕೆ ಬಾರದು. ಈ ವಾದ ಹೇಳದೆ ಊಹಿಸಿಕೊಂಡದ್ದೇನು? ಮೊದಲು ಮೇಲ್ಮನವಿ ಹಾಕದವರಿಗೆ ತಕರಾರೇ ಇರಲಿಲ್ಲ ಎಂದು. ನಾಲ್ಕು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಲಾರದೆ ಸೋಲನ್ನು ಒಪ್ಪಿಕೊಂಡ ರೈತರು ಇದ್ದಿರಬಹುದಾದರೆ ಆ ತೀರ್ಮಾನ ಕುಸಿಯುತ್ತದೆ. ಇಂಥ ಪ್ರಶ್ನೆಗಳನ್ನು ದಿನಕ್ಕೆ ಹತ್ತು ಮಾಡಿದರೂ ಸಾಕು, ಆದರೆ ಸರಿ ಬಂದ ಉತ್ತರದ ಕಾರಣವನ್ನೂ ಒಂದು ಸಾಲು ಬರೆದಿಡಿ.

ಇನ್ನೊಂದು ಮಾತು. ಕರ್ನಾಟಕದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಂತೆ ಓದಿದವರಿಗೆ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಶೇ 25ರ ಸಮತಲ ಮೀಸಲಾತಿ, ಅಂದರೆ ಎಲ್ಲ ವರ್ಗಗಳ ಸೀಟುಗಳೊಳಗೂ ಅನ್ವಯಿಸುವ ಮೀಸಲಾತಿ, ಇದೆ. ನೀವು ಇಡೀ ವಿದ್ಯಾಭ್ಯಾಸವನ್ನು ಕರ್ನಾಟಕದಲ್ಲಿಯೇ ಮಾಡಿದವರು, ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರವನ್ನು ನಿಮ್ಮ ಶಾಲೆಗಳಿಂದ ಈಗಲೇ ಪಡೆದುಕೊಳ್ಳಿ. ಹಳ್ಳಿಯ ಶಾಲೆಯಾಗಿದ್ದರೆ ಹಳೆಯ ದಾಖಲೆ ತೆಗೆಸಲು ಸಮಯ ಹಿಡಿಯುತ್ತದೆ.

ಉತ್ತರ — ಹಾವೇರಿಯ ನಿವೃತ್ತ ಇಂಗ್ಲಿಷ್ ಅಧ್ಯಾಪಕ

ಇಂಗ್ಲಿಷ್ ಓದಿನ ಬಗ್ಗೆ ಮಾತ್ರ ಬರೆಯುತ್ತೇನೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಮೂರು ದಶಕ ಪಾಠ ಮಾಡಿದವನಾಗಿ ಒಂದು ಮಾತನ್ನು ಖಚಿತವಾಗಿ ಹೇಳಬಲ್ಲೆ: ನಿಧಾನಕ್ಕೆ ಕಾರಣ ಪದಸಂಪತ್ತಿನ ಕೊರತೆಗಿಂತ ಹೆಚ್ಚಾಗಿ ಪ್ರತಿಯೊಂದು ವಾಕ್ಯವನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಮುಂದಿನದಕ್ಕೆ ಹೋಗುವ ಅಭ್ಯಾಸ. ಈ ಅಭ್ಯಾಸ ನಿಘಂಟು ಕಂಠಪಾಠ ಮಾಡುವುದರಿಂದ ಬಿಡುವುದಿಲ್ಲ.

ತಂಗಿ, ಹೀಗೆ ಮಾಡಿ ನೋಡು. ಇಂಗ್ಲಿಷ್ ಪತ್ರಿಕೆಯ ಒಂದು ಸಂಪಾದಕೀಯವನ್ನು ನಿಘಂಟು ಮುಟ್ಟದೆ, ಹಿಂದಿರುಗಿ ನೋಡದೆ, ಒಂದೇ ಓಟದಲ್ಲಿ ಓದು. ಪತ್ರಿಕೆಯನ್ನು ಮುಚ್ಚಿ, ಬರೆದವರು ಏನನ್ನು ಸಾಧಿಸಲು ಹೊರಟಿದ್ದಾರೆ ಮತ್ತು ಅದಕ್ಕೆ ಕೊಟ್ಟ ಮುಖ್ಯ ಕಾರಣವೇನು ಎಂಬುದನ್ನು ಕನ್ನಡದಲ್ಲಿಯೇ ಎರಡು ವಾಕ್ಯದಲ್ಲಿ ಬರೆ. ಆಮೇಲೆ ಎರಡನೆಯ ಸಲ ಓದುತ್ತ, ವಾದ ತಿರುಗುವ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕು. 'ಹೌಎವರ್', 'ಅನ್‌ಲೆಸ್', 'ಆಲ್ದೋ' ಎಂಬಂಥ ಪದಗಳು ಎಲ್ಲಿವೆಯೋ ಅಲ್ಲಿಯೇ ಪ್ರಶ್ನೆಗಳು ಹುಟ್ಟುತ್ತವೆ. ಮೊದಲು ಬರೆದ ಎರಡು ವಾಕ್ಯ ತಿದ್ದಬೇಕೆನಿಸಿದರೆ ತಿದ್ದು. ಕೆಲವು ವಾರಗಳ ನಂತರ ಆ ಎರಡು ವಾಕ್ಯಗಳನ್ನು ಇಂಗ್ಲಿಷಿನಲ್ಲಿಯೇ ಬರೆಯಲು ಶುರುಮಾಡು. ಗಡಿಯಾರವನ್ನು ಮೊದಲ ತಿಂಗಳಲ್ಲಿಯೇ ಎದುರಿಗೆ ಇಟ್ಟುಕೊಳ್ಳಬೇಡ, ಗ್ರಹಿಕೆ ಗಟ್ಟಿಯಾದ ಮೇಲೆ ಇಟ್ಟುಕೋ.

ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಹಲವು ತೀರ್ಪುಗಳ ಕನ್ನಡ ಅನುವಾದ ಉಚಿತವಾಗಿ ಸಿಗುತ್ತದೆ. ವಾರಕ್ಕೊಂದು ತೀರ್ಪಿನ ಕೆಲವು ಪುಟಗಳನ್ನು ಮೊದಲು ಕನ್ನಡದಲ್ಲಿ ಓದಿ, ಅದೇ ಭಾಗವನ್ನು ಇಂಗ್ಲಿಷಿನಲ್ಲಿ ಓದಿದರೆ ವಿಷಯದ ಭಾರ ಅರ್ಧ ಇಳಿದಿರುತ್ತದೆ, ಭಾಷೆಯ ಕಡೆಗೆ ಪೂರ್ತಿ ಗಮನ ಕೊಡಬಹುದು. ಅನುವಾದದ ಕನ್ನಡ ಕೆಲವೆಡೆ ಬಿಗಿಯಾಗಿದೆ, ಸಹನೆಯಿಂದ ಓದಬೇಕು.

ಪ್ರಬಂಧಕ್ಕೆ ಸಂವಿಧಾನದ ವಿಷಯಗಳು ಬೇಕಾದಾಗ ನಮ್ಮ ಕಡೆಯವರು ಎಸ್.ಆರ್. ಬೊಮ್ಮಾಯಿ ಪ್ರಕರಣದಿಂದ ಶುರುಮಾಡುವುದು ಸಹಜ ಎಂದು ನನಗನ್ನಿಸುತ್ತದೆ. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರವನ್ನು ರಾಷ್ಟ್ರಪತಿ ಆಳ್ವಿಕೆ ಹೇರುವ 356ನೆಯ ವಿಧಿಯಡಿ ವಜಾಗೊಳಿಸಿದ್ದು ಹುಬ್ಬಳ್ಳಿಯ ಹಿರಿಯರಿಗೆಲ್ಲ ನೆನಪಿದೆ. 1994ರ ಮಾರ್ಚ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಸರ್ಕಾರಕ್ಕೆ ಬಹುಮತವಿದೆಯೇ ಎಂಬುದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ವೈಯಕ್ತಿಕ ಅಭಿಪ್ರಾಯದಲ್ಲಲ್ಲ ಎಂದು ಹೇಳಿತು. ಊರಿನ ಸಂಗತಿಯಾದ್ದರಿಂದ ಮನಸ್ಸಿನಲ್ಲಿ ನಿಲ್ಲುತ್ತದೆ, ಒಕ್ಕೂಟ ವ್ಯವಸ್ಥೆಯ ಬಗ್ಗೆ ಯಾವ ಪ್ರಬಂಧ ಬಂದರೂ ಆಧಾರವಾಗುತ್ತದೆ.

ಪ್ರಶ್ನೆ ಕೇಳಿದವರು

ಹಿರಿಯರಿಗೂ ತಮ್ಮನಿಗೂ ಮನಃಪೂರ್ವಕ ಕೃತಜ್ಞತೆಗಳು. ಬೆರಳಿಟ್ಟು ತೋರಿಸುವ ಕ್ರಮವನ್ನು ಎರಡು ರಾತ್ರಿ ಅನುಸರಿಸಿ ನೋಡಿದೆ, ಪುಸ್ತಕದ ಉತ್ತರಗಳ ಹಿಂದಿನ ದಾರಿ ಈಗ ಕಾಣುತ್ತಿದೆ. ಒಂದು ಸಂದೇಹ ಉಳಿದಿದೆ. 'ಬಿ' ಭಾಗದಲ್ಲಿ ಉತ್ತರವನ್ನು ವಾಕ್ಯಗಳಲ್ಲಿ ಬರೆಯಬೇಕಾದಾಗಲೂ ನನಗೆ ಗೊತ್ತಿರುವ ಕಾಯ್ದೆಯನ್ನು ಪೂರ್ತಿ ಬದಿಗಿಡಬೇಕೇ? ಹೆಣ್ಣುಮಕ್ಕಳ ಆಸ್ತಿಯ ಪ್ರಶ್ನೆಯೇ ಬಂದರೆ ಸುಮ್ಮನಿರುವುದು ನನ್ನಿಂದ ಆಗಲಿಕ್ಕಿಲ್ಲ. ಹಾಗೆಯೇ ಪ್ರಚಲಿತ ವಿದ್ಯಮಾನಕ್ಕೆ ಎಷ್ಟು ಸಮಯ ಕೊಡಬೇಕು ಎಂಬುದನ್ನೂ ತಿಳಿಸಿ.

ಉತ್ತರ — ರಾಣೆಬೆನ್ನೂರಿನವನು

ಅಕ್ಕನವರೇ, ಪ್ರಶ್ನೆಯ ಕೊನೆಯ ವಾಕ್ಯ ಏನು ಕೇಳುತ್ತದೆ ಎಂಬುದರ ಮೇಲೆ ಅದು ನಿಂತಿದೆ. 'ಈ ನಿಯಮವನ್ನು ಅನ್ವಯಿಸಿ' ಎಂದರೆ ನಿಯಮದೊಳಗೇ ಇರಬೇಕು. 'ಈ ನಿಯಮ ನ್ಯಾಯಸಮ್ಮತವೇ, ಕಾರಣ ಕೊಡಿ' ಎಂದರೆ ನಿಮ್ಮ ಮೇಜಿನ ಮುಂದೆ ಕಂಡದ್ದನ್ನು ತರಬಹುದು, ತರಲೇಬೇಕು. ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕುವ ತಂಗಿಯ 'ಒಪ್ಪಿಗೆ' ಎಂಬುದು ಯಾವಾಗ ಒಪ್ಪಿಗೆ, ಯಾವಾಗ ಮನೆಯವರ ಒತ್ತಡ ಎಂಬುದನ್ನು ನಿಮ್ಮಷ್ಟು ಹತ್ತಿರದಿಂದ ನೋಡಿದವರು ಆ ಪರೀಕ್ಷಾ ಕೊಠಡಿಯಲ್ಲಿ ಹೆಚ್ಚು ಜನ ಇರುವುದಿಲ್ಲ. ಅದನ್ನು ಬರೆಯುವಾಗ ಮೊದಲು ನಿಮ್ಮ ನಿಲುವು, ನಂತರ ಕಾರಣ, ನಂತರ ನಿಮ್ಮ ನಿಲುವಿಗೆ ಎದುರಾಗಬಹುದಾದ ಬಲವಾದ ಆಕ್ಷೇಪ ಮತ್ತು ಅದಕ್ಕೆ ನಿಮ್ಮ ಉತ್ತರ, ಇಷ್ಟನ್ನು ತಪ್ಪದೆ ಬರೆಯಿರಿ. ಎದುರಾಳಿಯ ಮಾತನ್ನು ನ್ಯಾಯವಾಗಿ ಹೇಳದ ಉತ್ತರ ಎಷ್ಟು ಭಾವಪೂರ್ಣವಾಗಿದ್ದರೂ ತೂಕ ಕಳೆದುಕೊಳ್ಳುತ್ತದೆ. ವಾರಕ್ಕೊಂದು ಪ್ರಬಂಧವನ್ನು ಗಡಿಯಾರ ಇಟ್ಟುಕೊಂಡು ಪೆನ್ನಿನಿಂದಲೇ ಬರೆಯಿರಿ; ಟೈಪ್ ಮಾಡುವ ಕೈಗೆ ಉದ್ದ ಉತ್ತರ ಬರೆಯುವುದು ಮೊದಮೊದಲು ಆಯಾಸ ತರುತ್ತದೆ.

ಪ್ರಚಲಿತ ವಿದ್ಯಮಾನಕ್ಕೆ ಬೇರೆ ಸಮಯ ಬೇಡ, ಸಂಪಾದಕೀಯದ ಓದಿನಲ್ಲಿಯೇ ಅದು ಆಗುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಮೂರು ಹೊಸ ಕ್ರಿಮಿನಲ್ ಕಾಯ್ದೆಗಳಂಥ ದೊಡ್ಡ ಬದಲಾವಣೆಗಳ ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡರೆ ಸಾಕು.

ಉತ್ತರ — ಧಾರವಾಡ ಪೀಠದಲ್ಲಿ ವಕೀಲಿ ಮಾಡುವವರು

ಮುಂದಿನ ದಿನಗಳಿಗಾಗಿ ಒಂದೆರಡು ಸಂಗತಿಗಳನ್ನು ಸೇರಿಸುತ್ತೇನೆ. ಎಲ್ಎಲ್‌ಬಿ ಮುಗಿದ ಮೇಲೆ ಸನ್ನದು ಪಡೆಯಲು ಸಾವಿರಾರು ರೂಪಾಯಿ ಬೇಕು ಎಂದು ಈಗಲೂ ಕೆಲವರು ಹೆದರಿಸುತ್ತಾರೆ. ವಕೀಲರ ಕಾಯ್ದೆಯಲ್ಲಿ ಹೇಳಿರುವ ಮೊತ್ತಕ್ಕಿಂತ, ಅಂದರೆ ಸಾಮಾನ್ಯ ವರ್ಗಕ್ಕೆ 750 ರೂಪಾಯಿ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ನೀಡಿದೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಪಾಸು ಮಾಡಬೇಕಾಗುತ್ತದೆ. ಸನ್ನದು ಇರುವವರು ಬೇರೆ ವ್ಯವಹಾರ ನಡೆಸುವುದಕ್ಕೆ ಪರಿಷತ್ತಿನ ನಿಯಮಗಳಲ್ಲಿ ನಿರ್ಬಂಧ ಇರುವುದರಿಂದ, ಆ ಹಂತದಲ್ಲಿ ನಿಮ್ಮ ದಸ್ತಾವೇಜು ಬರಹಗಾರರ ಪರವಾನಗಿಯನ್ನು ಬಿಟ್ಟುಕೊಡಲು ಸಿದ್ಧರಿರಿ.

ಇವೆಲ್ಲ ಮುಂದಿನ ಮಾತು. ಸದ್ಯಕ್ಕೆ ಪದವಿಯ ಎಲ್ಲ ಅಂಕಪಟ್ಟಿಗಳು ಮತ್ತು ಘಟಿಕೋತ್ಸವದ ಪ್ರಮಾಣಪತ್ರ ಕೈಯಲ್ಲಿವೆಯೇ ನೋಡಿಕೊಳ್ಳಿ. ಮದುವೆಯ ನಂತರ ಹೆಸರು ಬದಲಾಗಿದ್ದರೆ, ಅಂಕಪಟ್ಟಿಯಲ್ಲಿರುವ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ವ್ಯತ್ಯಾಸವಿದ್ದರೆ, ಅರ್ಜಿ ಕರೆಯುವ ಮೊದಲೇ ಸರಿಪಡಿಸಿಕೊಳ್ಳಿ. ಅಗತ್ಯವಾದರೆ ಧಾರವಾಡಕ್ಕೆ ಬನ್ನಿ, ಕರ್ನಾಟಕ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಕೊಡಬೇಕಾದ ಅರ್ಜಿಯನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ.